ಬಚ್ಚಲಿನ ಸುರುಳಿ

ನಾನು ಓದಿದ್ದು ಬಿ.ಎ., ಬಿ.ಎಡ್. ಕನ್ನಡ ಮತ್ತು ಸಮಾಜ ನನ್ನ ವಿಷಯಗಳು. ಆದರೆ ಹಳ್ಳಿಯ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು ರಜೆ ಹಾಕಿದರೆ ಆ ತರಗತಿಗೂ ನಾವೇ ಹೋಗಬೇಕು. ಹಾಗೊಮ್ಮೆ ಏಳನೆಯ ತರಗತಿಗೆ ಶಾಖದ ಪಾಠ ಮಾಡಲು ಹೋದೆ.

ಉದಾಹರಣೆಗೆ ನಮ್ಮ ಬಚ್ಚಲುಮನೆಯೇ ಇತ್ತಲ್ಲ! ಹಂಡೆಯಲ್ಲಿ ನೀರು ಕುದಿಯುತ್ತಿರುತ್ತದೆ. ಅದರೊಳಗೆ ತಾಮ್ರದ ಕೊಳವೆಯ ಸುರುಳಿ ಮುಳುಗಿದೆ. ತೊಟ್ಟಿಯ ತಣ್ಣೀರು ಆ ಸುರುಳಿಯಲ್ಲಿ ಹಾದು ಬಿಸಿಯಾಗಿ ನಲ್ಲಿಗೆ ಬರುತ್ತದೆ. ನಲ್ಲಿ ಸಣ್ಣಗೆ ಬಿಟ್ಟರೆ ಕೈ ಸುಡುತ್ತದೆ, ಜೋರಾಗಿ ಬಿಟ್ಟರೆ ಉಗುರುಬೆಚ್ಚಗಿರುತ್ತದೆ. “ನೋಡಿ, ನಿಧಾನವಾಗಿ ಹೋಗುವ ನೀರೇ ಹೆಚ್ಚು ಶಾಖ ಪಡೆಯುವುದು. ಓದೂ ಹಾಗೆಯೇ” ಎಂದು ನೀತಿಯನ್ನೂ ಸೇರಿಸಿದೆ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. ಅವರಪ್ಪ ನಲ್ಲಿ ರಿಪೇರಿ ಮಾಡುವವರು. ನಮ್ಮ ಸುರುಳಿ ಕೂಡಿಸಿದವರೂ ಅವರೇ. “ಆದ್ರೆ ಟೀಚರ್, ಜೋರಾಗಿ ಬಿಟ್ರೇನೇ ಹಂಡೆ ಕುದಿಯೋದು ನಿಂತುಹೋಗುತ್ತಲ್ಲ?”

“ಕೂತ್ಕೋ, ಪುಸ್ತಕ ನೋಡು” ಎಂದೆ. ಕೂತಳು. ಆ ವರ್ಷ ಅವಳು ಮತ್ತೆ ಪ್ರಶ್ನೆ ಕೇಳಲು ಏಳಲಿಲ್ಲ.

ಬೇಸಿಗೆ ರಜೆಗೆ ತಂಗಿಯ ಮಗ ಬಂದಿದ್ದ. ಇಂಜಿನಿಯರಿಂಗ್ ಓದುವ ಹುಡುಗ. ಮಾತಿಗೆ ಮಾತು ಬಂದು ಇದನ್ನು ಹೇಳಿದೆ. “ದೊಡ್ಡಮ್ಮ, ಆ ಹುಡುಗಿ ಹೇಳಿದ್ದೇ ಸರಿ” ಎಂದ.

ಕೊಳವೆಯ ಗೋಡೆಗೆ ಅಂಟಿದ ನೀರಿನ ಪದರ ಹೆಚ್ಚುಕಡಿಮೆ ನಿಂತೇ ಇರುತ್ತದೆ. ಶಾಖ ಅದನ್ನು ದಾಟಿ ಬರಬೇಕು. ಹರಿವು ನಿಧಾನವಾಗಿದ್ದರೆ ನೀರು ಎಳೆ ಎಳೆಯಾಗಿ, ಒಂದಕ್ಕೊಂದು ಬೆರೆಯದೆ ಸಾಗುತ್ತದೆ. ವೇಗ ಹೆಚ್ಚಿದರೆ ಸುಳಿಯೆದ್ದು ಬಿಸಿಯೂ ತಣ್ಣಗಿನದೂ ಕಲೆಯುತ್ತವೆ, ಪದರ ತೆಳುವಾಗುತ್ತದೆ. ಮ್ಯಾಂಚೆಸ್ಟರಿನ ಆಸ್ಬೋರ್ನ್ ರೆನಾಲ್ಡ್ಸ್ 1883ರಲ್ಲಿ ಗಾಜಿನ ಕೊಳವೆಯ ನೀರಿಗೆ ಬಣ್ಣದ ಎಳೆ ಬಿಟ್ಟು ಈ ಎರಡು ನಡೆಗಳನ್ನೂ ಕಣ್ಣಿಗೆ ಕಾಣಿಸಿದರು. ಸುಳಿಯೆದ್ದ ಹರಿವಿನ ವೇಗ ಎರಡು ಪಟ್ಟಾದರೆ, ಗೋಡೆಯಿಂದ ನೀರಿಗೆ ಶಾಖ ದಾಟುವ ಪ್ರಮಾಣ ಸುಮಾರು 1.7 ಪಟ್ಟಾಗುತ್ತದಂತೆ. ನೀರು ಹೆಚ್ಚಿದಷ್ಟು ಶಾಖ ಹೆಚ್ಚುವುದಿಲ್ಲ. ಅದಕ್ಕೇ ಒಂದೊಂದು ಚೊಂಬೂ ಉಗುರುಬೆಚ್ಚಗೆ. ಆದರೆ ಒಟ್ಟಾರೆ ಹಂಡೆಯಿಂದ ಹೋಗುವ ಶಾಖ ಹೆಚ್ಚೇ.

ನಾನು ಚೊಂಬಿನ ನೀರನ್ನು ಮುಟ್ಟಿ ನೋಡಿದ್ದೆ. ಅವಳು ಹಂಡೆಯನ್ನು ನೋಡಿದ್ದಳು.

ಶಾಲೆ ಶುರುವಾಗುವ ಹೊತ್ತಿಗೆ ಅವಳು ಹೈಸ್ಕೂಲಿಗೆಂದು ಹಾಸ್ಟೆಲು ಸೇರಿದ್ದಳು. ಹೊಸ ಏಳನೆಯ ತರಗತಿಗೆ ಹೋಗಿ, ಹೋದ ವರ್ಷ ನಾನು ತಪ್ಪು ಹೇಳಿದ್ದೆ ಎಂದೆ. ಮಕ್ಕಳು ಮುಖ ಮುಖ ನೋಡಿಕೊಂಡರು. ಹೇಳಬೇಕಾದವಳು ಅಲ್ಲಿರಲಿಲ್ಲ.

ಮೊನ್ನೆ ಅವರಪ್ಪ ನಲ್ಲಿಯ ವಾಷರು ಬದಲಿಸಲು ಬಂದಿದ್ದರು. ವಿಷಯ ಹೇಳಿದೆ. “ಅಯ್ಯೋ ಬಿಡಿ ಅಮ್ಮಾ, ಅವಳಿಗೆ ಯಾವತ್ತೋ ಮರೆತುಹೋಗಿರುತ್ತೆ” ಎಂದು ನಕ್ಕರು.

ಮರೆಯದಿರಲಿ ಎಂದುಕೊಂಡೆ. “ಊರಿಗೆ ಬಂದಾಗ ಒಮ್ಮೆ ಮನೆಗೆ ಕಳಿಸಿ” ಎಂದೆ.