ಎರಡನೆಯ ಶನಿವಾರದ ಕರೆ

ನಮ್ಮ ಬಾಲ್ಯದಲ್ಲಿ ಶನಿವಾರವೆಂದರೆ ಮುಂಜಾನೆಯ ಶಾಲೆ, ರವಿವಾರವೆಂದರೆ ಎಣ್ಣೆಸ್ನಾನ. ಅಲ್ಲಿಗೆ ವಾರ ಮುಗಿಯುತ್ತಿತ್ತು. ಈಗ ‘ವಾರಾಂತ್ಯ’ವೆಂಬ ಹೊಸದೊಂದು ಹಬ್ಬ ಬಂದಿದೆ. 2015ರಿಂದ ಬ್ಯಾಂಕುಗಳಿಗೆ ಎರಡನೆಯ ಹಾಗೂ ನಾಲ್ಕನೆಯ ಶನಿವಾರ ರಜೆ. 2019ರಿಂದ ನಾಲ್ಕನೆಯ ಶನಿವಾರ ರಾಜ್ಯ ಸರಕಾರದ ನೌಕರರಿಗೂ ದೊರೆತಿದೆ. ನಿವೃತ್ತರೂ ನೌಕರಿಯಲ್ಲಿರುವವರೂ ಕೂಡಿ ಎರಡು ದಿನ ಹೊರಗೆ ಹೋಗಿ ಬರಲು ಇದಕ್ಕಿಂತ ಅನುಕೂಲವುಂಟೆ? ಆದರೂ “ಒಮ್ಮೆ ಎಲ್ಲರೂ ಕೂಡಿ ಹೋಗೋಣ” ಎಂಬ ಮಾತನ್ನು ನಾವು ಹತ್ತಾರು ವರ್ಷ ಆಡಿದೆವೇ ಹೊರತು ಹೋಗಲಿಲ್ಲ. ಆ ‘ಒಮ್ಮೆ’ ಎಂಬುದು ಯಾವ ಪಂಚಾಂಗದಲ್ಲಿಯೂ ಇರುವ ದಿನವಲ್ಲ.

ಕಡೆಗೊಂದು ಸಂಜೆ ನಾವೇ ಕಾಗದ ಹಿಡಿದು ಕುಳಿತೆವು. ಶನಿವಾರ ಮುಂಜಾನೆ ಹುಬ್ಬಳ್ಳಿಯಿಂದ ಗದಗ ಮಾರ್ಗವಾಗಿ ರೈಲಿನಲ್ಲಿ ಬಾದಾಮಿ; ನಿಲ್ದಾಣದಿಂದ ಊರು ಸುಮಾರು 5 ಕಿ.ಮೀ. ದೂರ. ಮಧ್ಯಾಹ್ನ ಬನಶಂಕರಿಯಲ್ಲಿ ಬುಟ್ಟಿ ಹೊತ್ತು ಬರುವ ತಾಯಂದಿರ ಕೈಯ ರೊಟ್ಟಿ ಊಟ, ಗಟ್ಟಿ ಮೊಸರು. ಬಿಸಿಲು ಇಳಿದ ಮೇಲೆ ಗುಹೆಗಳು. ರವಿವಾರ ಪಟ್ಟದಕಲ್ಲು, ಐಹೊಳೆ. ಬನದ ಹುಣ್ಣಿಮೆಯ ಜಾತ್ರೆ ಕೂಡಿದರೆ ತಂಗಲು ಕೋಣೆ ಸಿಗದೆಂದು ಅದಕ್ಕೆ ಎರಡು ತಿಂಗಳು ಮೊದಲಿನ ನಾಲ್ಕನೆಯ ಶನಿವಾರವನ್ನು ಆರಿಸಿದೆವು. ಆರು ಜನ ಮಿತ್ರರಿಗೆ ದೂರವಾಣಿಯಲ್ಲಿಯೇ ತಿಳಿಸಿ, ದೊಡ್ಡ ಕಾರ್ಯ ಮಾಡಿದೆವೆಂದು ಬೀಗಿದೆವು.

ಏಳನೆಯವರೊಬ್ಬರಿದ್ದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದ ಮಾಸ್ತರರು. ವಯಸ್ಸು ಎಪ್ಪತ್ತನಾಲ್ಕು, ಮೊಣಕಾಲು ನೋವು. ‘ಪಾಪ, ಅವರಿಗೆ ಮೆಟ್ಟಿಲು ಏರಲಾಗದು, ಕರೆದು ನೋಯಿಸುವುದೇಕೆ?’ ಎಂದು ನಾವೇ ತೀರ್ಮಾನಿಸಿ ಬಿಟ್ಟುಬಿಟ್ಟೆವು. ಅದನ್ನು ಕರುಣೆಯೆಂದೇ ತಿಳಿದಿದ್ದೆವು. ನಿಜ ಹೇಳಬೇಕೆಂದರೆ, ಅವರ ಸಲುವಾಗಿ ನಿಧಾನ ನಡೆಯಬೇಕಾದೀತೆಂಬ ಬೇಸರವೂ ಒಳಗಿತ್ತು.

ಬುಧವಾರ ಸುದ್ದಿ ಬೇರೆಯವರ ಬಾಯಿಂದ ಅವರನ್ನು ಮುಟ್ಟಿತು. ಅಂದು ಸಂಜೆ ದಿನದಂತೆ ಕಟ್ಟೆಗೆ ಬಂದರು, ಕುಳಿತುಕೊಳ್ಳಲಿಲ್ಲ.

“ಅಲ್ರೀ ಶಾಸ್ತ್ರಿಗಳ, ನನಗ ಏರಾಕ ಬರತೈತೋ ಇಲ್ಲೋ ಅನ್ನೂದನ್ನ ನಾ ಹೇಳಬೇಕೋ, ನೀವು ಹೇಳಬೇಕೋ?”

ಇಷ್ಟೇ ಅಂದು ಹೊರಟುಹೋದರು. ನಮಗೆ ಆ ರಾತ್ರಿ ನಿದ್ರೆ ಬರಲಿಲ್ಲ.

ಮಠದಲ್ಲಿ ಓದುತ್ತಿದ್ದ ಕಾಲದಲ್ಲಿ, ಪ್ರಸಾದಕ್ಕೆ ಮನೆಮನೆಗೆ ಹೇಳಿಬರುವ ಕೆಲಸ ನಮ್ಮಂಥ ಸಣ್ಣ ಹುಡುಗರದಾಗಿತ್ತು. ಒಂದು ಸಲ ಹಾಸಿಗೆ ಹಿಡಿದಿದ್ದ ಮುದುಕರೊಬ್ಬರ ಮನೆಯನ್ನು ನಾವು ದಾಟಿ ಬಂದಿದ್ದೆವು. ಅಜ್ಜನವರು ಬೈಯಲಿಲ್ಲ, ಆ ಮನೆಗೆ ಹೋಗಿ, ಒಳಗೆ ಕುಳಿತು, ದಿನ-ಹೊತ್ತು ಹೇಳಿ, ಅವರ ಉತ್ತರ ಕೇಳಿಕೊಂಡು ಬಾ ಎಂದು ತಿರುಗಿ ಕಳಿಸಿದರು. ಮುದುಕರು “ಬರಲಾಗದು ತಮ್ಮಾ” ಎಂದರು. ಆದರೆ ಅವರ ಮುಖದ ಮೇಲೆ ಅಂದು ಕಂಡ ಸಮಾಧಾನವನ್ನು ಇಷ್ಟು ವರ್ಷಗಳಲ್ಲಿ ನಾವು ಹೇಗೆ ಮರೆತೆವೋ ತಿಳಿಯದು.

ಬೆಳಗಾದೊಡನೆ ಆರೂ ಜನರಿಗೆ ಹೇಳಿ, ಪ್ರಯಾಣವನ್ನು ಮುಂದಿನ ತಿಂಗಳ ಎರಡನೆಯ ಶನಿವಾರಕ್ಕೆ ಮುಂದೂಡಿದೆವು. ಇದರಿಂದ ಬ್ಯಾಂಕಿನ ಮಿತ್ರರೊಬ್ಬರಿಗೆ ಬರಲು ಆಗಲಿಲ್ಲ. ಅವರ ಮುನಿಸು ಇನ್ನೂ ಪೂರ್ತಿ ಇಳಿದಿಲ್ಲ. ಬಳಿಕ ಮಾಸ್ತರರ ಮನೆಗೆ ಹೋದೆವು. ತಪ್ಪಾಯಿತೆಂದು ಒಪ್ಪಿಕೊಂಡು, ಎಷ್ಟು ಹೊತ್ತಿನ ರೈಲು, ಎಲ್ಲಿ ವಸತಿ, ಎಲ್ಲಿ ಮೆಟ್ಟಿಲು, ಎಲ್ಲಿ ಸಮನೆಲ ಎಂಬುದನ್ನೆಲ್ಲ ವಿವರಿಸಿದೆವು. ಬರುವುದೂ ಬಿಡುವುದೂ ಅವರ ಇಚ್ಛೆ ಎಂದೆವು. ಅವರು ಕೂಡಲೇ ಒಪ್ಪಲಿಲ್ಲ. ಚಹಾ ತರಿಸಿದರು, ಗುಹೆಗಳಲ್ಲಿ ನಾವು ಏನೇನು ನೋಡುವವರಿದ್ದೇವೆಂದು ವಿಚಾರಿಸಿದರು. ನಮ್ಮ ಉತ್ತರ ಕೇಳಿ, “ಇಷ್ಟ ನೋಡಿ ಬರೂದಾದ್ರ ರೈಲಿನ ರೊಕ್ಕ ದಂಡ” ಎಂದು ನಕ್ಕರು. ಬರುವುದು ನಿಶ್ಚಯವಾಯಿತು.

ಬಾದಾಮಿಯಲ್ಲಿ ಅವರು ಕೋಲೂರಿ, ಎರಡು ಕಡೆ ನಿಂತು, ಮೊದಲನೆಯ ಗುಹೆಯವರೆಗೆ ಏರಿದರು. ಹದಿನೆಂಟು ಕೈಗಳ ನಟರಾಜನೆದುರು ಬಹಳ ಹೊತ್ತು ನಿಂತರು. ಒಂದೊಂದು ಜೋಡಿ ಕೈಯನ್ನು ಹೊಂದಿಸಿ ನೋಡಿದಾಗ ನೃತ್ಯದ ಒಂದೊಂದು ನಿಲುವು ಕಾಣುವುದನ್ನು ತೋರಿಸಿದರು. ಆಮೇಲೆ, “ಇನ್ನ ನನ್ನ ಕಾಲು ಸಾಕ ಅಂದಾವು. ನೀವು ಹೋಗಿ ಬರ್ರಿ, ನಾ ಇಲ್ಲೇ ಕೂಡ್ರತೇನಿ” ಎಂದು ಕಟ್ಟೆಯ ಮೇಲೆ ಕುಳಿತರು. ಕೆಳಗೆ ಅಗಸ್ತ್ಯತೀರ್ಥ, ಆಚೆ ದಡದಲ್ಲಿ ಭೂತನಾಥ ಗುಡಿ. ಮಂಗಗಳನ್ನು ಓಡಿಸಲು ಕೈಯಲ್ಲಿ ಕೋಲು.

ನಾವೆಲ್ಲರೂ ಮೇಲಿನ ಮೂರು ಗುಹೆಗಳನ್ನೂ ನೋಡಿ ಇಳಿದು ಬಂದಾಗ ಮಾಸ್ತರರು ಕೇಳಿದರು: “ಮೂರನೇ ಗುಹೆಯೊಳಗ ಮಂಗಳೇಶನ ಶಾಸನ ಐತೆಲ್ಲ, ಶಕವರುಷ ಎಷ್ಟ ಹಾಕ್ಯಾನ?”

ಒಬ್ಬರ ಬಾಯಿಂದಲೂ ಮಾತು ಹೊರಡಲಿಲ್ಲ. ಶಾಸನ ಕೆತ್ತಿದ ಕಂಬದ ಪಕ್ಕದಲ್ಲಿಯೇ ನಿಂತು ಬಂದಿದ್ದೆವು. ಸಂಸ್ಕೃತ ಓದಿದವರೆನಿಸಿಕೊಂಡ ನಾವೂ ಕಣ್ಣೆತ್ತಿ ನೋಡಿರಲಿಲ್ಲ.

“ಶಕ ಐದುನೂರು. ಕ್ರಿಸ್ತಶಕ 578. ಬಾದಾಮಿ ಗುಹೆಗಳೊಳಗ ಇಸವಿ ಖಚಿತ ಹೇಳೂ ಗುಹೆ ಅದ. ಏರ್ರಿ ಮತ್ತ, ನೋಡಿ ಬರ್ರಿ.”

ಏರಿದೆವು. ಇಳಿದು ಬರುವಷ್ಟರಲ್ಲಿ ಬಿಸಿಲು ಜಾರಿ ಬಂಡೆಯೆಲ್ಲ ಕೆಂಪಾಗಿತ್ತು. ಮಾಸ್ತರರು ಕಿಸೆಯಿಂದ ಸಣ್ಣ ಡೈರಿ ತೆಗೆದು ಮುಂದಿನ ನಾಲ್ಕನೆಯ ಶನಿವಾರ ಯಾವ ತಾರೀಖಿಗೆ ಬೀಳುತ್ತದೆಂದು ನೋಡುತ್ತಿದ್ದರು. ಬ್ಯಾಂಕಿನವರ ಮನೆಗೆ ಈ ಸಲ ತಾವೇ ಹೋಗಿ ಹೇಳಿ ಬರುವುದಾಗಿ ತಿಳಿಸಿದರು.