ಎರಡು ಹಲ್ಲಿನ ಅಂತರ

ಉಸಿರು ಬಿಗಿಹಿಡಿಯಿರಿ. ಬೆಸುಗೆ ಕಡ್ಡಿಯ ತುದಿ ತಂತಿಗೆ ತಾಗಿದೆ, ಸೀಸ ಕರಗಿ ಹೊಳೆಯುತ್ತಿದೆ, ರಾಳದ ಹೊಗೆ ನೇರವಾಗಿ ಮೂಗಿಗೇ ಬರುತ್ತಿದೆ. ಈಗ ಕೈ ಅಲುಗಿದರೆ ಬೆಸುಗೆ ಮಂಕಾಗಿ, ಒಳಗೊಳಗೇ ಬಿರುಕು ಬಿಡುತ್ತದೆ. ಒಂದು, ಎರಡು, ಮೂರು. ಸೀಸ ಗಟ್ಟಿಯಾಯಿತು. ಉಸಿರು ಬಿಡಿ.

ನೀವಿರುವುದು ಅಮೆರಿಕದ ಓಹಿಯೊದಲ್ಲಿ. ಜನವರಿ ತಿಂಗಳು, ಹೊರಗೆ ಹಿಮ. ಗೋದಾಮಿನಂಥ ಈ ಕಟ್ಟಡದ ನೆಲಕ್ಕೆ ಬೂದು ಕಾರ್ಪೆಟ್ ಹಾಸಿ ಟ್ರ್ಯಾಕ್ ಮಾಡಿದ್ದಾರೆ. ಟೈರಿಗೆ ಹಿಡಿತ ಬರಲೆಂದು ಹಚ್ಚುವ ದ್ರವದ ಸಿಹಿ ಘಾಟು ಗಂಟಲಿಗೆ ಅಂಟಿಕೊಂಡಿದೆ. ಅಸಲಿ ಕಾರಿನ ಹತ್ತರಲ್ಲೊಂದು ಅಳತೆಯ ರಿಮೋಟ್ ಕಂಟ್ರೋಲ್ ರೇಸ್ ಕಾರುಗಳು ಕಿವಿ ಸೀಳುವ ಕೀರಲು ದನಿಯಲ್ಲಿ ಸುತ್ತುತ್ತಿವೆ. ನಿಮ್ಮ ಫೈನಲ್ ಇನ್ನೇನು ಬಂತು.

ಮೋಟಾರನ್ನು ಅಂಗೈಯಲ್ಲಿ ಹಿಡಿಯಿರಿ. ಅಡ್ಡಗಲ ಸುಮಾರು 36 ಮಿಲಿಮೀಟರ್. ಗಾತ್ರ ಚಿಕ್ಕದು, ಆದರೆ ಕೈಗೆ ಭಾರ. ದಂಡವನ್ನು ಬೆರಳಲ್ಲಿ ತಿರುಗಿಸಿದರೆ ನುಣ್ಣಗೆ ತಿರುಗುವುದಿಲ್ಲ. ಒಂದೊಂದು ಹೆಜ್ಜೆಗೂ ಒಳಗಿನ ಅಯಸ್ಕಾಂತ ಹಿಡಿದೆಳೆಯುವುದು ಬೆರಳಿಗೇ ತಿಳಿಯುತ್ತದೆ. ಹಳೆಯ ಮೋಟಾರುಗಳಲ್ಲಿ ತಾಮ್ರದ ಸುರುಳಿಯೇ ತಿರುಗುತ್ತಿತ್ತು. ಕಾರ್ಬನ್ ಬ್ರಷ್‌ಗಳು ಅದರ ಜೊತೆ ತಿರುಗುವ ತಾಮ್ರದ ಪಟ್ಟಿಗಳಿಗೆ ಉಜ್ಜುತ್ತಾ ಕಿಡಿ ಹಾರಿಸುತ್ತಾ ಸವೆಯುತ್ತಿದ್ದವು. ಇಲ್ಲಿ ಸುರುಳಿ ಕದಲುವುದಿಲ್ಲ, ಅಯಸ್ಕಾಂತ ತಿರುಗುತ್ತದೆ. ಯಾವ ಕ್ಷಣ ಯಾವ ತಂತಿಗೆ ಕರೆಂಟ್ ಕೊಡಬೇಕೆಂಬುದನ್ನು ಸ್ಪೀಡ್ ಕಂಟ್ರೋಲರ್ ನಿರ್ಧರಿಸುತ್ತದೆ.

ಮೈಮೇಲೆ 17.5 ಎಂದು ಬರೆದಿದೆ. ಅದು ತಾಮ್ರದ ಸುತ್ತುಗಳ ಲೆಕ್ಕ. ಸುತ್ತು ಕಡಿಮೆಯಾದಷ್ಟೂ ವೇಗ ಹೆಚ್ಚು, ಕರೆಂಟಿನ ಹಸಿವೂ ಹೆಚ್ಚು. ಎದುರು ಮೇಜಿನ ಮೇಲಿರುವ 6.5ರತ್ತ ನಿಮ್ಮ ಕಣ್ಣು ಹೋಗುತ್ತದೆ. ಆಸೆಯಾಗುತ್ತದೆ. ಆದರೆ ನಿಮ್ಮ ವರ್ಗದಲ್ಲಿ ಎಲ್ಲರದೂ 17.5. ಕಂಟ್ರೋಲರ್ ಗುಟ್ಟಾಗಿ ವೇಗ ಕೂಡಿಸುತ್ತಿಲ್ಲ ಎನ್ನುವುದಕ್ಕೆ ಅದರ ಪುಟ್ಟ ದೀಪ ಮಿಣುಕುತ್ತಿರಬೇಕು. ಹಾಗಾಗಿ ನಿಮ್ಮ ಕೈಲಿ ಉಳಿದಿರುವುದು ಎರಡೇ: ಟೈಮಿಂಗ್ ಮತ್ತು ಗಿಯರ್.

ಮೊದಲು ಟೈಮಿಂಗ್. ಮೋಟಾರಿನ ಹಿಂಬದಿಯ ಮುಚ್ಚಳ ಸಡಿಲಿಸಿ ತುಸುವೇ ತಿರುಗಿಸಿ. ಅಂಚಿನಲ್ಲಿ ಡಿಗ್ರಿಯ ಗೆರೆಗಳಿವೆ. ಮುಚ್ಚಳದೊಂದಿಗೆ ಒಳಗಿನ ಸೆನ್ಸರುಗಳೂ ಸರಿಯುತ್ತವೆ, ಅಯಸ್ಕಾಂತ ಬಂದು ತಲುಪುವ ಮೊದಲೇ ಸುರುಳಿಗೆ ಕರೆಂಟ್ ಹರಿಯುತ್ತದೆ. ವೇಗ ಏರುತ್ತದೆ, ಜೊತೆಗೆ ಬಿಸಿಯೂ ಏರುತ್ತದೆ. 40ರಲ್ಲಿ ನಿಲ್ಲಿಸುತ್ತೀರಿ. ಬೆರಳು ಇನ್ನೊಂದು ಗೆರೆ ದಾಟಲು ಹವಣಿಸುತ್ತದೆ. ಬೇಡ. ಸ್ಕ್ರೂ ಬಿಗಿಮಾಡಿ.

ಮೋಟಾರನ್ನು ಕಾರಿಗೆ ಕೂರಿಸುವಾಗ ಸ್ಕ್ರೂನ ಉದ್ದ ನೋಡಿ. ಉದ್ದ ಹೆಚ್ಚಾದರೆ ಅದು ಒಳಗೆ ಸುರುಳಿಯನ್ನೇ ಚುಚ್ಚೀತು, ಮೋಟಾರು ಅಲ್ಲಿಗೇ ಸತ್ತಂತೆ. ಮೋಟಾರಿನ ದಂಡದ ಮೇಲಿನ ಪಿನಿಯನ್ ಮತ್ತು ಅದು ತಿರುಗಿಸುವ ಸ್ಪರ್ ಗಿಯರ್‌ಗಳ ನಡುವೆ ತೆಳು ಕಾಗದದ ಚೂರು ಇಟ್ಟು ಒತ್ತಿ, ಬಿಗಿಮಾಡಿ, ಕಾಗದ ಎಳೆದುಕೊಳ್ಳಿ. ಹಲ್ಲುಗಳ ನಡುವೆ ಅಷ್ಟು ಉಸಿರಾಟ ಸಾಕು.

"ಕಾರುಗಳು ಟ್ರ್ಯಾಕಿಗೆ!" ಧ್ವನಿವರ್ಧಕ ಕೂಗುತ್ತದೆ.

ಕಾರು ಕೆಳಗಿಟ್ಟು ಟ್ರಿಗರ್ ಒತ್ತುತ್ತೀರಿ. ಅದು ಹೋಗುವುದಿಲ್ಲ. ನಡುಗುತ್ತದೆ. ಗರ್ ಗರ್ ಎಂದು ಸದ್ದು ಮಾಡುತ್ತಾ ನಿಂತಲ್ಲೇ ತೊದಲುತ್ತದೆ. ಹೊಟ್ಟೆ ಕಲಸುತ್ತದೆ. ಬೆಸುಗೆ ಬಿಟ್ಟಿತೇ? ಎಳೆದು ನೋಡಿ. ಗಟ್ಟಿಯಾಗಿದೆ. ಎ, ಬಿ, ಸಿ ತಂತಿಗಳು ಅದಲುಬದಲೇ? ಇಲ್ಲ. ಸೆನ್ಸರ್ ಕೇಬಲ್! ಅಯಸ್ಕಾಂತ ಈ ಕ್ಷಣ ಎಲ್ಲಿದೆಯೆಂದು ಕಂಟ್ರೋಲರಿಗೆ ಹೇಳುವುದು ಅದೇ. ಅದಿಲ್ಲದಿದ್ದರೆ ಕಡಿಮೆ ವೇಗದಲ್ಲಿ ಕಂಟ್ರೋಲರ್ ಕುರುಡು. ಪ್ಲಗ್ ಅರ್ಧ ಆಚೆ ಬಂದಿದೆ. ಉಗುರಿನಿಂದ ಒತ್ತಿ. ಟಿಕ್. ಮತ್ತೆ ಟ್ರಿಗರ್. ಕಾರು ಬೆಣ್ಣೆಯಂತೆ ಜಾರಿ ಹೊರಡುತ್ತದೆ.

"48 ಹಲ್ಲಿನ ಪಿನಿಯನ್ನಾ? 50 ಹಾಕು, ನೇರದಲ್ಲಿ ನಿನ್ನನ್ನು ಯಾರೂ ಹಿಡಿಯಲ್ಲ," ಎನ್ನುತ್ತಾನೆ ಪಕ್ಕದ ಮೇಜಿನವನು.

ಬದಲಾಯಿಸಲು ಎರಡು ನಿಮಿಷ ಸಾಕು, ಪಿನಿಯನ್ ಜೇಬಿನಲ್ಲೇ ಇದೆ. ಲೆಕ್ಕ ಹಾಕಿ. ಸ್ಪರ್ 88 ಹಲ್ಲು, ಕಾರಿನ ಒಳಗಿನ ಅನುಪಾತ 1.9. ಪಿನಿಯನ್ 48 ಇದ್ದರೆ ಚಕ್ರದ ಒಂದು ಸುತ್ತಿಗೆ ಮೋಟಾರು 3.48 ಸುತ್ತು ತಿರುಗಬೇಕು, 50 ಇದ್ದರೆ 3.34 ಸುತ್ತು. ಮೋಟಾರಿನ ಒಂದು ಸುತ್ತಿಗೆ ಕಾರು 57 ಮಿಲಿಮೀಟರ್ ಬದಲು 59 ಮಿಲಿಮೀಟರ್ ಓಡುತ್ತದೆ. ಆದರೆ ಅರ್ಹತಾ ಸುತ್ತು ಮುಗಿದಾಗ ಮೋಟಾರಿನ ಬಿಸಿ 68 ಡಿಗ್ರಿ ಸೆಲ್ಸಿಯಸ್ ಇತ್ತು. ಸುರುಳಿಯ ಬಿಸಿ ಪ್ರತಿ ಡಿಗ್ರಿ ಏರಿದಾಗಲೂ ತಾಮ್ರದ ಪ್ರತಿರೋಧ ಶೇ. 0.4ರಷ್ಟು ಏರುತ್ತದೆ. ಅತಿಯಾದ ಬಿಸಿಗೆ ಅಯಸ್ಕಾಂತ ಸೋತರೆ, ಆ ಶಕ್ತಿ ತಣ್ಣಗಾದ ಮೇಲೂ ಮರಳುವುದಿಲ್ಲ. ಜೇಬಿನಲ್ಲಿ ಬೆರಳು ಆ ಪಿನಿಯನ್ನಿನ ಹಲ್ಲುಗಳನ್ನು ಸವರುತ್ತದೆ. ಕೈ ಹೊರತೆಗೆಯಿರಿ. 48ರಲ್ಲೇ ಓಡಿಸಿ.

ಐದು ನಿಮಿಷದ ರೇಸ್. ಬೀಪ್!

ಹತ್ತು ಕಾರು ಒಟ್ಟಿಗೆ ಸಿಡಿಯುತ್ತವೆ. ಮೊದಲ ತಿರುವು, ತಳ್ಳಾಟ, ಐದನೇ ಸ್ಥಾನ. ನೇರದಲ್ಲಿ ಪಕ್ಕದ ಮೇಜಿನವನ ಕಾರು ನಿಮ್ಮದನ್ನು ಸಲೀಸಾಗಿ ದಾಟುತ್ತದೆ. ಆರನೇ ಸ್ಥಾನ. ಅಂಗೈ ಬೆವೆತು ರಿಮೋಟ್ ಜಾರುತ್ತಿದೆ. 50 ಹಾಕಬೇಕಿತ್ತೇ? ಯೋಚಿಸಬೇಡಿ. ತಿರುವಿನಿಂದ ಹೊರಬರುವಾಗ ಟ್ರಿಗರ್ ಒತ್ತಿ, ನಿಮ್ಮ ಕಾರಿನ ಜಿಗಿತ ಅಲ್ಲಿದೆ. ಮೂರನೇ ನಿಮಿಷ. ಅವನ ಕಾರು ಮುಂದಿದೆ, ಆದರೆ ಅಂತರ ಬೆಳೆಯುತ್ತಿಲ್ಲ. ನಾಲ್ಕನೇ ನಿಮಿಷ. ಅವನ ಕಾರು ತಿರುವಿನಾಚೆ ಏದುಸಿರು ಬಿಡುತ್ತಿದೆ, ನಿಮ್ಮದರ ಕೀರಲು ದನಿ ಮೊದಲ ಸುತ್ತಿನಲ್ಲಿದ್ದಂತೆಯೇ ಇದೆ. ಒಳಗಿನ ದಾರಿ ಹಿಡಿಯಿರಿ. ಪಕ್ಕಕ್ಕೆ ಬಂದಿರಿ. ದಾಟಿದಿರಿ. ಇನ್ನೊಂದು ಕಾರು. ಅದನ್ನೂ. ಬೀಪ್. ನಾಲ್ಕನೇ ಸ್ಥಾನ.

ಓಡಿ ಬಂದು ಕಾರಿನ ಮೈ ತೆಗೆದು ಬಿಸಿ ಅಳೆಯಿರಿ: 71. ಅರೆನಿಮಿಷ ಕಾಯಿರಿ: 74. ಗಾಳಿಯ ಓಟ ನಿಂತಾಗ ಒಳಗಿನ ಬಿಸಿ ಹೊರಮೈಗೆ ಬರುತ್ತದೆ, ಅದಕ್ಕೇ ಎರಡು ಸಲ ಅಳೆಯಬೇಕು. ಪಕ್ಕದ ಮೇಜಿನ ಮೋಟಾರಿನಿಂದ ಸುಟ್ಟ ವಾರ್ನಿಷ್‌ನ ವಾಸನೆ ಬರುತ್ತಿದೆ. ಅವನು ಅದನ್ನು ಮುಟ್ಟಲಾರ.

ಈ ಆಟಕ್ಕೆ ಹೊಸದಾಗಿ ಬರುವವರಿಗೆ ನನ್ನ ಮಾತಿಷ್ಟೆ. ಮೊದಲ ಮೋಟಾರು 17.5 ಅಥವಾ 21.5 ಇರಲಿ, ಸೆನ್ಸರ್ ಇರುವುದೇ ಇರಲಿ. ಟೈಮಿಂಗ್ ಕಡಿಮೆ ಇಟ್ಟು, ಸಣ್ಣ ಪಿನಿಯನ್ ಹಾಕಿ ಶುರುಮಾಡಿ. ಎರಡು ನಿಮಿಷ ಓಡಿಸಿ, ಬಿಸಿ ನೋಡಿ, ಆಮೇಲೆ ಒಂದೊಂದೇ ಹಲ್ಲು ಏರಿಸಿ. ಟೈಮಿಂಗ್ ಏರಿಸಿದರೆ ಪಿನಿಯನ್ ಇಳಿಸಿ. ಎರಡನ್ನೂ ಒಟ್ಟಿಗೆ ಏರಿಸಲೇಬೇಡಿ. ಮೊದಲ ಸುತ್ತಿನ ಬಲವನ್ನು ಕೊನೆಯ ಸುತ್ತಿಗೂ ಉಳಿಸಿಕೊಂಡ ಮೋಟಾರೇ ವೇಗದ ಮೋಟಾರು.