ಅಲೆನ್ ಊರಿನ ಶುಕ್ರವಾರ

ಟೆಕ್ಸಸ್‌ನ ಡಲ್ಲಾಸ್ ನಗರದ ಉತ್ತರಕ್ಕಿರುವ ಅಲೆನ್‌ನಲ್ಲಿ ಸಾರ್ವಜನಿಕ ಹೈಸ್ಕೂಲು ಎಂದರೆ ಅಲೆನ್ ಹೈಸ್ಕೂಲು ಒಂದೇ. ಹಾಗಂದ ತಕ್ಷಣ ಹೋಬಳಿಯಷ್ಟು ಊರಿರಬೇಕು ಎನಿಸುತ್ತದೆ. ಆದರೆ 2020ರ ಜನಗಣತಿಯಲ್ಲಿ ಅಲ್ಲಿನ ಜನಸಂಖ್ಯೆ ಲಕ್ಷ ದಾಟಿದೆ. ಶಾಲೆಯ ಅಮೆರಿಕನ್ ಫುಟ್‌ಬಾಲ್ ಸ್ಟೇಡಿಯಂನಲ್ಲಿ 18,000 ಜನ ಕೂರಬಹುದು. ಕಟ್ಟಲು ತಗುಲಿದ್ದು ಸುಮಾರು ಆರು ಕೋಟಿ ಡಾಲರ್. ಡಾಲರನ್ನು ರೂಪಾಯಿಗೆ ಗುಣಿಸುವ ಚಟ ಬಿಟ್ಟೆ ಅಂದುಕೊಂಡಿದ್ದೆ. ಇಲ್ಲಿ ಮತ್ತೆ ಹತ್ತಿಕೊಂಡಿತು.

ಇದು ಯಾವ ಮಂತ್ರಿಯೂ ಮಂಜೂರು ಮಾಡಿದ ಹಣವಲ್ಲ. ರಂಗಮಂದಿರ, ಬಸ್ ಡಿಪೋ ಎಲ್ಲ ಸೇರಿದ ದೊಡ್ಡ ಸಾಲಕ್ಕೆ 2009ರಲ್ಲಿ ಊರಿನವರೇ ಮತ ಹಾಕಿ ಒಪ್ಪಿದ್ದು. ತೀರುವುದು ಅವರದೇ ಮನೆ ಕಂದಾಯದಿಂದ. ಸ್ಟೇಡಿಯಂ 2012ರಲ್ಲಿ ತೆರೆಯಿತು. 2014ರಲ್ಲಿ ಕಾಂಕ್ರೀಟು ಬಿರುಕು ಬಿಟ್ಟು ಕೆಲಕಾಲ ಬಾಗಿಲು ಹಾಕಿತು. ಅದನ್ನು ಓದಿದಾಗ ಮಾತ್ರ ಅಮೆರಿಕ ನನಗೆ ತೀರಾ ಹತ್ತಿರವಾಯಿತು. ಆ ವರ್ಷ ತವರಿನ ಅಂಗಳವಿಲ್ಲದೆ ಪರಸ್ಥಳದಲ್ಲಿ ಆಡಿದ ತಂಡ ಸತತ ಮೂರನೇ ಬಾರಿ ರಾಜ್ಯ ಚಾಂಪಿಯನ್ ಆಯಿತು. ಚೆಂಡೆಸೆದು ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್ ಕೈಲರ್ ಮರ್ರೆ ಅಲ್ಲಿ ಆರಂಭದಿಂದ ಕಣಕ್ಕಿಳಿದ 42 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. 2019ರಲ್ಲಿ ವೃತ್ತಿಪರ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಂಡಾಗ ಇಡೀ ದೇಶಕ್ಕೇ ಮೊದಲಿಗನಾದ.

ಆದರೆ ಶಾಲೆಯಲ್ಲಿರುವುದು ಐದು ಸಾವಿರಕ್ಕೂ ಹೆಚ್ಚು ಮಕ್ಕಳು, ಅಂಕಣದಲ್ಲಿ ಒಂದು ಹೊತ್ತಿಗೆ ಜಾಗವಿರುವುದು ಹನ್ನೊಂದು ಮಂದಿಗೆ. ಪಕ್ಕದ ಫ್ರಿಸ್ಕೊ ಊರು ಬೇರೆ ದಾರಿ ಹಿಡಿಯಿತು: ಶಾಲೆ ಚಿಕ್ಕದಾಗಿರಲಿ ಎಂದು ಹೈಸ್ಕೂಲುಗಳನ್ನೇ ಹೆಚ್ಚಿಸುತ್ತ ಹೋಯಿತು. ಪ್ರತಿ ಶಾಲೆಗೂ ಒಂದು ತಂಡ, ಅಷ್ಟೇ ಹೆಚ್ಚು ಮಕ್ಕಳಿಗೆ ಅವಕಾಶ. ನನ್ನ ಮನಸ್ಸು ಫ್ರಿಸ್ಕೊ ಕಡೆಗೇ ವಾಲುತ್ತದೆ. ತಾಲ್ಲೂಕು ಕ್ರೀಡಾಕೂಟದ ಖೋಖೋ ತಂಡದಲ್ಲಿ ಹೆಸರು ಬಾರದೆ ಗೆರೆಯಾಚೆ ನಿಂತವರಿಗೆ ಈ ಪಕ್ಷಪಾತ ಸಹಜ.

ಹೆಚ್ಚು ಮಕ್ಕಳನ್ನು ಸೇರಿಸಿಕೊಳ್ಳಲು ಅಲೆನ್ ಕೂಡ ಒಂದು ಉಪಾಯ ಕಂಡುಕೊಂಡಿದೆ, ಅದರ ಬ್ಯಾಂಡು. ನೂರಾರು ಮಕ್ಕಳು ಪಂದ್ಯದ ವಿರಾಮದಲ್ಲಿ ಮೈದಾನಕ್ಕೆ ಇಳಿದರೆ ಹುಲ್ಲು ಕಾಣುವುದಿಲ್ಲ. ಕೊಳಲು, ಕಹಳೆ, ಡೋಲು ಹಿಡಿದ ಆ ಸಾಲುಗಳಲ್ಲಿ ನಮ್ಮ ಕಡೆಯ ಮುಖಗಳೂ ಉಂಟು. ಅವರ ತಂದೆತಾಯಿಗೆ ಆಟದ ನಿಯಮ ತಿಳಿಯದಿದ್ದರೂ 1984ರ ಟೆಕ್ಸಸ್ ಕಾನೂನು ಬಾಯಿಪಾಠ: ಅಂಕ 70ಕ್ಕಿಂತ ಕೆಳಗಿಳಿದರೆ ಆಟಕ್ಕೂ ಬ್ಯಾಂಡ್ ಸ್ಪರ್ಧೆಗೂ ಕೆಲವು ವಾರ ಸೇರಿಸುವುದಿಲ್ಲ. ಯಾವ ಅಪ್ಪನಿಗೆ ಇದಕ್ಕಿಂತ ಒಳ್ಳೆಯ ಅಸ್ತ್ರ ಬೇಕು?

ನಾನು ಪಂದ್ಯ ನೋಡಲು ಹೋದದ್ದು ಹಳೆಯ ವಿದ್ಯಾರ್ಥಿಗಳು ಶಾಲೆಗೆ ಮರಳುವ ಹೋಮ್‌ಕಮಿಂಗ್ ವಾರದ ಶುಕ್ರವಾರ. ಟೆಕ್ಸಸ್‌ನ ಹುಡುಗಿಯರು ಆಗ ಎದೆಗೆ ಊಟದ ತಟ್ಟೆಯಗಲದ ಸೇವಂತಿಗೆ ಸಿಕ್ಕಿಸಿಕೊಳ್ಳುತ್ತಾರೆ. ಹಿಂದೆ ನಿಜವಾದ ಹೂವಂತೆ, ಈಗ ಬಟ್ಟೆಯದು. ಅದರಿಂದ ಪಾದದವರೆಗೆ ಇಳಿಬಿದ್ದ ರಿಬ್ಬನ್ನು, ಗೆಜ್ಜೆ, ನಡುವೆ ಒಂದು ಕರಡಿ ಬೊಂಬೆ. ಪಕ್ಕದಲ್ಲಿ ಕೂತಿದ್ದ ತುಮಕೂರಿನ ಅಜ್ಜಿ ನೋಡಿಯೇ ನೋಡಿದರು. "ಗೌರಿಗೂ ಇಷ್ಟು ಏರ್ಸಿಲ್ಲ ಕಣಪ್ಪ ನಾವು" ಅಂದರು.

ಅಜ್ಜಿಯ ಮೊಮ್ಮಗ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದ. ಎಷ್ಟನೇ ಸಾಲು, ಎಡದಿಂದ ಎಷ್ಟನೆಯವನು ಎಂದು ಅಜ್ಜಿಯ ಮಗ ತೋರಿಸಿದ. ಅಜ್ಜಿ ಬೇರೆ ಯಾರನ್ನೋ ನೋಡಿ ಸಂತೋಷಪಟ್ಟರು. ವಾದ್ಯ ನಿಂತಿತು. ಆಟದ ಅರ್ಧ ಇನ್ನೂ ಬಾಕಿ ಇತ್ತು, ಅಂಕ ಸಮಸಮ. ನಮ್ಮ ಸಾಲಿನವರೆಲ್ಲ ಆಗಲೇ ಎದ್ದು ನೀರಿನ ಬಾಟಲಿ, ಶಾಲು ಎತ್ತಿಕೊಳ್ಳುತ್ತಿದ್ದರು.

"ಮುಗೀತಲ್ಲ ಅಂಕಲ್, ಹೊರಡೋಣ್ವಾ? ಪಾರ್ಕಿಂಗ್‌ನಲ್ಲಿ ರಶ್ ಆಗತ್ತೆ."